ಕತ್ತರಿಸಿದ ಮೂಲೆ

ಹಲ್ಲುಜ್ಜುತ್ತಲೇ ಅವಳು ವಾಕ್ಯವನ್ನು ಮೂರು ಸಲ ತಿದ್ದಿದ್ದಳು. ‘ತಪ್ಪು ನನ್ನಿಂದ ಆಗಿದೆ’ ಎನ್ನುವುದೋ, ‘ಪ್ರಯೋಗಾಲಯದಲ್ಲಿ ಒಂದು ತಪ್ಪು ಆಗಿರುವ ಸಾಧ್ಯತೆ ಇದೆ’ ಎನ್ನುವುದೋ. ಎರಡನೆಯದರಲ್ಲಿ ತಪ್ಪು ತನ್ನ ಕಾಲಲ್ಲೇ ನಡೆದು ಬಂದು ಒಳಗೆ ಕೂತ ಹಾಗಿತ್ತು. ಮೊದಲನೆಯದನ್ನು ಕನ್ನಡಿಯ ಮುಂದೆ ಮೆಲ್ಲಗೆ ಹೇಳಿ ನೋಡಿದಳು. ‘ಆಗಿದೆ’ ಎನ್ನುವಲ್ಲಿ ದನಿ ಕೆಳಗಿಳಿದು ನಲ್ಲಿಯ ಸದ್ದಿನಲ್ಲಿ ಮುಳುಗಿತು. ಹನ್ನೊಂದು ಗಂಟೆಗೆ ವಿಚಾರಣೆ. ವಿಚಾರಣೆ ಅವಳದಲ್ಲ, ಪ್ರಯೋಗಾಲಯಕ್ಕೆ ಹುಳ ಹಿಡಿದು ತರುವವನದು. ಅದನ್ನು ನೆನೆದಾಗಲೆಲ್ಲ ಹೊಟ್ಟೆಯೊಳಗೆ ಏನೋ ಸಡಿಲವಾಗುತ್ತಿತ್ತು, ಮತ್ತು ಆ ಸಡಿಲವಾದದ್ದು ಸಮಾಧಾನ ಎಂದು ಗೊತ್ತಾದ ಮರುಕ್ಷಣವೇ ಬಿಗಿಯಾಗುತ್ತಿತ್ತು. ಅಮ್ಮ ಕಿಟಕಿಯ ಬೆಳಕಿಗೆ ಸೂಜಿ ಹಿಡಿದು ದಾರ ಪೋಣಿಸಲು ಹೆಣಗುತ್ತಿದ್ದಳು. ಕಣ್ಣು ಮಂಜಾಗಿದ್ದರೂ ಸೂಜಿಯನ್ನು ಮಗಳ ಕೈಗೆ ಕೊಡುವವಳಲ್ಲ. ಮಗಳು ತಟ್ಟೆ ತೊಳೆಯುತ್ತ, ಹಿಂದೆ ತಿರುಗದೆ, ಆ ಮಖಮಲ್ಲಿನ ಕೋಟು ನೆನಪಿದೆಯಾ ಎಂದು ಕೇಳಿದಳು. ಕೇಳಬೇಕೆಂದುಕೊಂಡಿರಲಿಲ್ಲ.

ಮರೆಯುವಂಥದ್ದಲ್ಲ ಅದು. ಅವಳಿಗೆ ಆಗ ಹತ್ತು ವರ್ಷ, ಅಮ್ಮ ಬೀದಿಯವರ ಬಟ್ಟೆ ಹೊಲಿಯುತ್ತಿದ್ದ ಕಾಲ. ಮಖಮಲ್ಲಿಗೆ ಒಂದು ಓಟವಿರುತ್ತದೆ, ಕೈಯಾಡಿಸಿದರೆ ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಒರಟು. ಅಮ್ಮ ಒಂದು ತೋಳನ್ನು ತಲೆಕೆಳಗಾಗಿ ಕತ್ತರಿಸಿಬಿಟ್ಟಿದ್ದಳು. ಬೆಳಕಿಗೆ ಹಿಡಿದರೆ ಒಂದು ತೋಳು ಕಪ್ಪಗೆ, ಇನ್ನೊಂದು ಬೂದಿ ಬಳಿದಂತೆ. ಹೊಲಿಸಿಕೊಂಡಾಕೆ ತೊಟ್ಟು, ಕನ್ನಡಿಯಲ್ಲಿ ಹಿಂದೆ ಮುಂದೆ ತಿರುಗಿ, ಚೆನ್ನಾಗಿದೆ ಎಂದು ಇನ್ನೇನು ಹೊರಡಬೇಕು, ಆಗ ಅಮ್ಮ ಹೇಳಿದಳು. ಹೇಳಿದ ಮೇಲೆ ಆಕೆಗೆ ಆ ತೋಳು ಬಿಟ್ಟು ಬೇರೇನೂ ಕಾಣದಾಯಿತು. ವಾರದೊಳಗೆ ಬೀದಿಗೆಲ್ಲ ಕಂಡಿತು. ಬಾಗಿಲ ಹಿಂದೆ ನಿಂತಿದ್ದ ಹತ್ತು ವರ್ಷದವಳಿಗೆ ಅಮ್ಮನ ಕತ್ತಿನ ಹಿಂಭಾಗ ಕೆಂಪಾಗುತ್ತಿದ್ದದ್ದು ಮಾತ್ರ ಕಂಡಿತ್ತು.

“ಬಾಯಿ ಮುಚ್ಕೊಂಡಿದ್ದಿದ್ರೆ ಆ ಬೀದಿ ಪೂರ್ತಿ ನನ್ನ ಕೈಲಿರ್ತಿತ್ತು,” ಎಂದಳು ಅಮ್ಮ, ದಾರದ ತುದಿಯನ್ನು ನಾಲಿಗೆಗೆ ತಾಗಿಸಿ. “ಹೇಳಿ ಏನ್ ಸಿಕ್ತು? ಮಣ್ಣು.”

ಮತ್ಯಾಕೆ ಹೇಳಿದೆ ಎಂದು ಅವಳು ಕೇಳಿದ್ದಕ್ಕೆ ಅಮ್ಮ ದಾರದ ತುದಿಯನ್ನು ಮತ್ತೆ ಸೂಜಿಯ ಕಣ್ಣಿಗೆ ಹಿಡಿದಳು. “ಕೆಮ್ಮು ಬಂದ ಹಾಗೆ ಬಂತು ಕಣೇ. ತಡ್ಕೊಳ್ಳೋಕಾಗ್ಲಿಲ್ಲ.”

ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಅವುಚಿ ಕೂತಳು. ಒಳಗೆ ಕಳೆದ ಹಂಗಾಮಿನ ಪ್ರಯೋಗದ ಪುಸ್ತಕವಿತ್ತು, ಅದರ ನಲವತ್ತೆರಡನೆಯ ಪುಟದ ನಡುವೆ ಎರಡು ಪ್ಲಾಸ್ಟಿಕ್ ಪ್ಲೇಟುಗಳು. ಅಂಗೈಗಿಂತ ಸ್ವಲ್ಪ ದೊಡ್ಡ ತೆಳು ಪ್ಲೇಟು. ಎಂಟು ಸಾಲು, ಸಾಲಿಗೆ ಹನ್ನೆರಡು, ಒಟ್ಟು ತೊಂಬತ್ತಾರು ಪುಟ್ಟ ಕುಳಿಗಳು. ಒಂದು ಕುಳಿಗೆ ಭತ್ತದ ಗದ್ದೆಯಿಂದ ತಂದ ಒಂದು ನೊಣದ ಡಿಎನ್‌ಎ. ಕೊನೆಯ ಕುಳಿಗೆ ಮಾತ್ರ ಯಾವಾಗಲೂ ಬರೀ ನೀರು. ಉಳಿದದ್ದೆಲ್ಲ ಏನು ಹೇಳಿದರೂ ನೀರು ಏನೂ ಹೇಳಬಾರದು. ಅದು ಮಾತಾಡಿದರೆ ಕೆಲಸ ಕೆಟ್ಟಿದೆಯೆಂದು ಅರ್ಥ. ಪ್ಲೇಟನ್ನು ಯಾವ ಕಡೆಗಿಡಬೇಕೆಂದು ತಿಳಿಯಲು ಒಂದು ಮೂಲೆಯನ್ನು ಓರೆಯಾಗಿ ಕತ್ತರಿಸಿರುತ್ತಾರೆ. ಅಕ್ಷರಗಳೂ ಇರುತ್ತವೆ, ಆದರೆ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಪಾರದರ್ಶಕ ಅಕ್ಷರ, ಯಾರು ನೋಡುತ್ತಾರೆ. ಹನ್ನೊಂದು ವರ್ಷದಿಂದ ಅವಳ ಬೆರಳು ಕತ್ತರಿಸಿದ ಮೂಲೆಯನ್ನು ಹುಡುಕಿ, ಅದನ್ನು ಬಲಗಡೆ ಮೇಲಕ್ಕೆ ಇಟ್ಟುಕೊಂಡು ಬಂದಿತ್ತು, ಕತ್ತಲಲ್ಲಿ ಚಪ್ಪಲಿ ಹುಡುಕುವ ಕಾಲಿನ ಹಾಗೆ. ಮೊನ್ನೆ ಸೋಮವಾರ, ಕಪಾಟು ಒರೆಸುವಾಗ, ಹಳೆಯ ಪೆಟ್ಟಿಗೆಯಲ್ಲಿ ಉಳಿದಿದ್ದ ಒಂದು ಪ್ಲೇಟನ್ನು ಕಳೆದ ವರ್ಷ ಬಂದ ಹೊಸ ಪೆಟ್ಟಿಗೆಯ ಪ್ಲೇಟಿನ ಮೇಲಿಟ್ಟಳು. ಅಕ್ಷರಕ್ಕೆ ಅಕ್ಷರ ಕೂಡಿತು. ಮೂಲೆ ಕೂಡಲಿಲ್ಲ. ಹಳೆಯದಕ್ಕೆ ಬಲಗಡೆ ಮೇಲೆ, ಹೊಸದಕ್ಕೆ ಎಡಗಡೆ ಕೆಳಗೆ. ಬೇರೆ ಕಾರ್ಖಾನೆ, ಬೇರೆ ಮೂಲೆ, ಅಷ್ಟೇ. ಅವಳು ಒರೆಸುವ ಬಟ್ಟೆಯನ್ನು ಹಿಡಿದುಕೊಂಡೇ ಸ್ಟೂಲಿನ ಮೇಲೆ ಕೂತಳು.

ಕಳೆದ ವರ್ಷ ಹಳೆಯ ಪ್ಲೇಟಿನಿಂದ ಹೊಸ ಪ್ಲೇಟಿಗೆ ಡಿಎನ್‌ಎ ತುಂಬುವಾಗ ಮೂಲೆ ನೋಡಿ ಇಟ್ಟಿದ್ದಳು. ಡಿಎನ್‌ಎ ಹೆಚ್ಚಿಸುವ ಯಂತ್ರದಿಂದ ತೆಗೆದು, ಅದು ಗೆರೆಗಳಾಗಿ ಮೂಡುವ ಜೆಲ್‌ಗೆ ಸುರಿಯುವಾಗ ಅಕ್ಷರ ನೋಡಿದ್ದಳು. ಹಾಗಾಗಿ ಮೊದಲನೆಯದು ಕೊನೆಯದಾಗಿ, ತೊಂಬತ್ತಾರೂ ತಲೆಕೆಳಗಾಗಿದ್ದವು. ಮೊದಲರ್ಧ ಮೇಲ್ಬಯಲಿನ ನೊಣ, ಉಳಿದರ್ಧ ಕೆಳಬಯಲಿನ ನೊಣ; ಮೇಲ್ಬಯಲಿನದೆಲ್ಲ ಕೆಳಬಯಲಿನದಾಗಿ, ಕೆಳಬಯಲಿನದು ಮೇಲ್ಬಯಲಿನದಾಗಿ ವರದಿಗೆ ಹೋಯಿತು. ಇಷ್ಟಾಗಿದ್ದರೆ ಅವಳು ತನ್ನನ್ನು ಹೇಗೋ ಕ್ಷಮಿಸಿಕೊಳ್ಳಬಹುದಿತ್ತು. ಬೆರಳಿನ ತಪ್ಪು, ಕಾರ್ಖಾನೆಯ ತಪ್ಪು. ಆದರೆ ಪುಸ್ತಕದ ಆ ನಲವತ್ತೆರಡನೆಯ ಪುಟದ ಅಂಚಿನಲ್ಲಿ ಅವಳದೇ ಗುಂಡು ಅಕ್ಷರದಲ್ಲಿ ಎರಡು ಸಾಲುಗಳಿದ್ದವು. ‘ಮೊದಲ ಕುಳಿ ಖಾಲಿ ಬಂದಿದೆ — ಆ ನೊಣದ ಡಿಎನ್‌ಎ ಸರಿಯಾಗಿ ಬಂದಿರಲಿಕ್ಕಿಲ್ಲ.’ ಅದರ ಕೆಳಗೆ, ‘ನೀರಿನ ಕುಳಿಯಲ್ಲಿ ಗೆರೆ ಕಾಣುತ್ತಿದೆ — ಎಲ್ಲೋ ಸ್ವಲ್ಪ ಬೆರೆತಿರಬೇಕು, ಗಂಭೀರವಲ್ಲ.’ ಮೊದಲನೆಯದು ಖಾಲಿ, ಕೊನೆಯದು ತುಂಬಿದೆ. ಪ್ಲೇಟು ತಿರುಗಿದೆ ಎಂದು ಪ್ಲೇಟೇ ಕೂಗಿ ಹೇಳಿತ್ತು. ಅವಳು ಅದರ ಬಾಯಿಗೆ ಎರಡು ಅಚ್ಚುಕಟ್ಟಾದ ವಾಕ್ಯ ತುರುಕಿದ್ದಳು. ‘ಗಂಭೀರವಲ್ಲ’ದ ಕೊನೆಗೆ ಪೂರ್ಣವಿರಾಮವನ್ನೂ ಮರೆಯದೆ ಇಟ್ಟಿದ್ದಳು. ವರದಿಗೆ ಆಗ ಎರಡೇ ದಿನ ಉಳಿದಿತ್ತು.

ಗೇಟಿನ ಕಾವಲುಗಾರ ನಮಸ್ಕಾರ ಹೇಳಿದ, ದಿನಾ ಹೇಳುವಂತೆಯೇ. ಇವತ್ತು ಅದರಲ್ಲಿ ಏನೋ ಇತ್ತೆನ್ನಿಸಿ ತಿರುಗಿ ನೋಡಿದಳು. ಅವನು ಉಗುರು ಕತ್ತರಿಸಿಕೊಳ್ಳುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮೂರು ದಿನದಿಂದ ಅವಳು ಹೆಗಲು ಮುಟ್ಟಿಕೊಂಡೇ ಓಡಾಡುತ್ತಿದ್ದಳು. ಅಂಗಳ ದಾಟಿದರೆ, ಇವತ್ತು ವಿಚಾರಣೆಗೆ ಬರಬೇಕಾದ ಹೀರಣ್ಣ ಕೂರುವ ಕಲ್ಲುಕಟ್ಟೆ. ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಬಾಯಲ್ಲಿ ರಬ್ಬರ್ ಕೊಳವೆ ಕಚ್ಚಿ, ಇನ್ನೊಂದು ತುದಿಯ ಗಾಜಿನ ನಳಿಗೆಯನ್ನು ಎಲೆಯ ಮೇಲಿನ ನೊಣಕ್ಕೆ ಹಿಡಿದು ಸುರ್ರೆಂದು ಹೀರಿ, ಸ್ಪಿರಿಟ್ಟಿನ ಸೀಸೆಗೆ ಊದಿಬಿಡುವುದು ಅವನ ಕೆಲಸ. ನಳಿಗೆಯ ನಡುವೆ ಬಟ್ಟೆಯ ತುಂಡಿರದಿದ್ದರೆ ನೊಣ ನೇರ ಗಂಟಲಿಗೆ. ಮೂವತ್ತು ವರ್ಷದಲ್ಲಿ ಎಷ್ಟು ನುಂಗಿದೀನೋ, ನನ್ನೊಳಗೇ ಸಂಸಾರ ಹೂಡಿವೆ, ನಾನು ಸತ್ತರೆ ಕೊಯ್ದು ನೋಡಿ ಅಮ್ಮ, ಒಂದು ವರದಿಗಾಗುವಷ್ಟು ಸಿಗುತ್ತೆ ಎಂದು ಅವನು ನಗುತ್ತಿದ್ದ. ಊಟದ ಕೋಣೆಯಲ್ಲಿ ಬೇರೆ ವಿಭಾಗದವರು ಇವರಿಬ್ಬರನ್ನು ನೋಡಿ, ನೊಣ ಹೊಡೆಯೋಕೂ ಸಂಬಳ ಕೊಡ್ತಾರಪ್ಪ ಎಂದು ಚುಚ್ಚುವುದಿತ್ತು. ಹೀರಣ್ಣ, ಹೊಡೆಯೋದಲ್ಲ ಸ್ವಾಮಿ, ಮುದ್ದು ಮಾಡಿ ಕರ್ಕೊಂಡು ಬರೋದು ಎನ್ನುತ್ತಿದ್ದ.

ಅವನು ಹಿಡಿಯುತ್ತಿದ್ದ ಕಣೆನೊಣ ಎಂದರೆ ಸೊಳ್ಳೆಯಷ್ಟೇ, ನೋಡಿದರೆ ಸೊಳ್ಳೆಯೇ. ಅದರ ಮರಿ ಭತ್ತದ ಸುಳಿಯೊಳಗೆ ಸೇರಿಕೊಂಡರೆ ತೆನೆ ಬರಬೇಕಾದ ಕಡೆ ಈರುಳ್ಳಿ ಎಲೆಯಂಥ ಬಿಳಿಚಿದ ಕೊಳವೆ ಬರುತ್ತದೆ. ಇದನ್ನು ತಡೆದುಕೊಳ್ಳುವ ತಳಿಯೊಂದನ್ನು ಈ ಸಂಶೋಧನಾ ಕೇಂದ್ರದವರು ಬೆಳೆಸಿದ್ದರು. ಆದರೆ ನೊಣದಲ್ಲಿ ಈಗ ಎರಡು ಬಗೆ. ಹಳೆಯದನ್ನು ಆ ತಳಿ ತಡೆಯುತ್ತದೆ, ಹೊಸದಕ್ಕೆ ಅದು ಹಬ್ಬದೂಟ. ಯಾವ ಕಣ್ಣಿಗೂ, ಯಾವ ಭೂತಗನ್ನಡಿಗೂ ಎರಡರ ಭೇದ ಕಾಣದು. ಡಿಎನ್‌ಎಯಲ್ಲಿ ಒಂದೇ ಒಂದು ಕಡೆ ಗುರುತಿದೆ. ಜೆಲ್ಲಿನಲ್ಲಿ ಹಳೆಯದರ ಗೆರೆ ಮೇಲೆ ನಿಲ್ಲುತ್ತದೆ, ಹೊಸದರದ್ದು ಒಂದು ಬೆರಳು ಕೆಳಗೆ. ಆ ಒಂದು ಬೆರಳಿನಳತೆಯನ್ನು ನೋಡಿ ಯಾವ ಬಯಲಿಗೆ ಯಾವ ಬೀಜ ಎಂದು ಹೇಳುವುದೇ ಅವಳ ಉದ್ಯೋಗ. ಕೆಳಬಯಲಿನಲ್ಲಿರುವುದು ಹಳೆಯ ನೊಣ, ಅಲ್ಲಿಗೆ ಈ ತಳಿ ಹಾಕಬಹುದು ಎಂಬ ವರದಿಯ ಕರಡನ್ನು ಅವಳು ಓದಿ ಹೇಳಿದಾಗ ಹೀರಣ್ಣ ಬಾಗಿಲ ಬಳಿ ನಿಂತು ಕೇಳಿಸಿಕೊಂಡಿದ್ದ. ಹೋಗಲಿಲ್ಲ. ಟೋಪಿಯನ್ನು ತೆಗೆದು ಕೈಯಲ್ಲಿ ತಿರುಗಿಸುತ್ತ, ಕೆಳಬಯಲಿನಲ್ಲಿ ಅವರಿವರು ಒಂದೊಂದು ಮಡಿಯಲ್ಲಿ ಈ ತಳಿ ಹಾಕಿ ನೋಡಿದ್ದರು, ಅಲ್ಲೆಲ್ಲ ಕೊಳವೆ ಎದ್ದಿತ್ತು, ನಾನೇ ಕಣ್ಣಾರೆ ಕಂಡಿದ್ದೆ, ಹೊಸ ನೊಣ ಇರೋದು ಅಲ್ಲೇ ಅಲ್ವಾ ಅಮ್ಮ, ವರದಿ ಉಲ್ಟಾ ಹೇಳ್ತಿದೆಯಲ್ಲ ಎಂದ. ಅಂದು ಅವಳ ತಲೆ ಸಿಡಿಯುತ್ತಿತ್ತು. ಅಥವಾ ಸಿಡಿಯುತ್ತಿರಲಿಲ್ಲ, ಟೋಪಿ ತಿರುಗಿಸುತ್ತ ನಿಂತವನೊಬ್ಬ, ಅವಳು ಎರಡು ವಾಕ್ಯ ತುರುಕಿ ಮುಚ್ಚಿದ್ದ ಕಡೆಯನ್ನೇ ಸರಿಯಾಗಿ ಮುಟ್ಟಿದ್ದ, ಅದಕ್ಕೆ. ಅವಳು ತಲೆಯೆತ್ತದೆ ಹೇಳಿದ್ದಳು: “ಹೀರಣ್ಣ, ಕಣ್ಣಿಗೆ ಕಾಣೋದೆಲ್ಲ ನಿಜ ಅಲ್ಲ. ಕಣ್ಣು ಸುಳ್ಳು ಹೇಳುತ್ತೆ, ಡಿಎನ್‌ಎ ಹೇಳಲ್ಲ.” ಅವನು, ಅದೂ ಸರಿ ಅನ್ನಿ, ಎಂದು ಟೋಪಿ ಹಾಕಿಕೊಂಡು ಹೋದ. ಒಳ್ಳೆಯ ಮಾತು ಆಡಿದೆ ಎಂದು ಆ ಸಂಜೆ ಅವಳಿಗೆ ಅನ್ನಿಸಿತ್ತು ಕೂಡ.

ಆ ಮಾತನ್ನು ಅವನು ಮನೆಮನೆಗೆ ಹೊತ್ತ. ಕೆಳಬಯಲಿನವರು ಕೇಂದ್ರದ ಕಾಗದ ನಂಬುವ ಪೈಕಿಯಲ್ಲ, ಹೀರಣ್ಣನ ಮಾತು ನಂಬುತ್ತಿದ್ದರು. ಅವನ ಮಗಳನ್ನು ಕೊಟ್ಟದ್ದೂ ಅಲ್ಲಿಗೇ. ಬೀಗರ ಮನೆಯಿಂದಲೇ ಶುರುಮಾಡಿ, ನಮ್ಮ ಕಣ್ಣು ಏನು ಮಹಾ, ಅಮ್ಮೋರು ನೊಣದ ಹೊಟ್ಟೆಯೊಳಗಿನ ಬರಹ ಓದಿದ್ದಾರೆ ಎಂದು ಹೇಳಿ ಇಡೀ ಬಯಲಿಗೆ ಆ ತಳಿಯನ್ನೇ ಹಾಕಿಸಿದ. ಈ ಹಂಗಾಮಿನಲ್ಲಿ ಅವಳು ಜೀಪಿನಲ್ಲಿ ಹೋಗಿ ನೋಡಿದಾಗ ಬಯಲು ದೂರಕ್ಕೆ ಸೊಗಸಾಗಿ ಮಿನುಗುತ್ತಿತ್ತು. ಹತ್ತಿರ ಹೋದರೆ ಮಿನುಗುತ್ತಿದ್ದದ್ದು ಕೊಳವೆಗಳು. ತೆನೆಯೇ ಇಲ್ಲ. ಒಬ್ಬ ಹೆಂಗಸು ಅವುಗಳನ್ನು ಕಿತ್ತು ಕಂತೆ ಕಟ್ಟಿ ದನಕ್ಕೆ ಹಾಕಲು ಒಯ್ಯುತ್ತಿದ್ದಳು. ಜೀಪನ್ನು ನೋಡಿ ನಿಲ್ಲಲೂ ಇಲ್ಲ, ಬೈಯಲೂ ಇಲ್ಲ. ಅವಳು ಹೀರಣ್ಣನ ಮಗಳು ಎಂದು ಡ್ರೈವರು ಆಮೇಲೆ ಹೇಳಿದ. ಮಗಳ ಮನೆಯ ಬಾಗಿಲು ಅಪ್ಪನಿಗೆ ಮುಚ್ಚಿದೆ ಎಂದೂ ಹೇಳಿದ. ಕೇಂದ್ರ ರೈತರಿಗೆ ಉತ್ತರ ಕೊಡಬೇಕಿತ್ತು. ಡಿಎನ್‌ಎ ಸುಳ್ಳು ಹೇಳುವುದಿಲ್ಲ ಎಂದ ಮೇಲೆ ಉಳಿದದ್ದು ಒಂದೇ, ಸೀಸೆಯೊಳಗಿನ ಚೀಟಿ. ಪೆನ್ಸಿಲ್ಲಿನಲ್ಲಿ ಊರು ಬರೆದು ಸೀಸೆಗೆ ಹಾಕುವವನು ಹೀರಣ್ಣ. ಅವನೇ ಚೀಟಿ ಅದಲುಬದಲು ಮಾಡಿದ್ದಾನೆ ಎಂದಾಯಿತು. ಬಯಲಿಗೆ ಹೋಗದೆ ಮನೆಯಲ್ಲಿ ಕೂತು ಬರೆದಿದ್ದಾನೆ ಎಂದೂ ಯಾರೋ ಸೇರಿಸಿದರು.

ಸಭೆಯ ಕೋಣೆಯಲ್ಲಿ ಫ್ಯಾನು ಒಂದು ಸುತ್ತಿಗೊಮ್ಮೆ ಟಿಕ್ಕೆನ್ನುತ್ತಿತ್ತು. ಮೇಜಿನ ಆಚೆ ಕೇಂದ್ರದ ದೊಡ್ಡವರು, ಪಕ್ಕದಲ್ಲಿ ಮೇಲಿನ ಕಚೇರಿಯಿಂದ ಬಂದ ಅಧಿಕಾರಿ. ಹೀರಣ್ಣನಿಗೆ ಕುರ್ಚಿ ಹಾಕಿದ್ದರು, ಅವನು ಅದರ ಅಂಚಿನಲ್ಲಿ, ಬೇರೆಯವರ ಮನೆಯ ಕುರ್ಚಿಯಲ್ಲಿ ಕೂತಂತೆ ಕೂತಿದ್ದ. ಒಗೆದ ಅಂಗಿ, ಕತ್ತಿನ ಗುಂಡಿಯವರೆಗೂ ಹಾಕಿದ್ದ. ಅವಳನ್ನು ಕಂಡು ಅರ್ಧ ಎದ್ದು ಕೂತ. ಅವಳು ಚೀಲವನ್ನು ಕಾಲ ಬಳಿ ಇಟ್ಟಳು, ಮತ್ತೆ ಎತ್ತಿ ತೊಡೆಯ ಮೇಲಿಟ್ಟಳು, ಪುಸ್ತಕದ ಗಟ್ಟಿ ಅಂಚು ಬಟ್ಟೆಯ ಮೂಲಕ ಬೆರಳಿಗೆ ತಾಗುತ್ತಿತ್ತು. ತಪ್ಪು ನನ್ನಿಂದ ಆಗಿದೆ. ಮೂರೇ ಮಾತು. ಅಧಿಕಾರಿ ಕಾಗದ ಮಗುಚುತ್ತ, ಸೀಸೆಗಳು ಬಂದ ಮೇಲೆ ಲ್ಯಾಬಿನಲ್ಲಿ ಎಲ್ಲಾದರೂ ವ್ಯತ್ಯಾಸ ಆಗಿರಬಹುದೇ ಎಂದು ಕೇಳಿದರು. ಸೌಮ್ಯವಾಗಿಯೇ ಕೇಳಿದರು, ನಿಜವಾಗಿ ತಿಳಿಯಬೇಕು ಎನ್ನುವಂತೆ ಕೇಳಿದರು. ಬಾಗಿಲು ತಾನಾಗಿಯೇ ತೆರೆದಿತ್ತು. ಅವಳು ಉಸಿರೆಳೆದುಕೊಂಡಳು.

“ಲ್ಯಾಬಿನಲ್ಲಿ ಅಂಥದ್ದಕ್ಕೆ ಅವಕಾಶವೇ ಇಲ್ಲ,” ಎಂದರು ದೊಡ್ಡವರು. “ನಮ್ಮ ಮೇಡಂ ಕೆಲಸ ಅಂದ್ರೆ ಕೆಲಸ. ಅಲ್ವಾ ಮೇಡಂ?”

ಅಲ್ವಾ ಎನ್ನುವುದಕ್ಕೆ ಬಾಯಿ ಬೇಕಾಗಿರಲಿಲ್ಲ, ತಲೆ ಸಾಕಿತ್ತು. ಅದು ಆಡಿತೋ ಇಲ್ಲವೋ ಅವಳಿಗೆ ಕೊನೆಗೂ ಗೊತ್ತಾಗಲಿಲ್ಲ. ಗಂಟಲಿನಲ್ಲಿ ಏನೋ ಎದ್ದು ಬಂತು, ಒರಟಾದದ್ದು, ತಡೆಯಲಾಗದ್ದು, ಅದು ಮಾತೇ ಆಗಿರಬೇಕು. ಆದರೆ ಹೊರಗೆ ಬರುವಾಗ ಕೆಮ್ಮಾಗಿ ಬಂತು. ಒಂದಾದ ಮೇಲೊಂದು ಕೆಮ್ಮು, ಕಣ್ಣಲ್ಲಿ ನೀರು. ಅಧಿಕಾರಿ ತಮ್ಮ ಮುಂದಿದ್ದ ಲೋಟವನ್ನು ಅವಳ ಕಡೆ ಸರಿಸಿದರು. ಅವಳು ಎರಡೂ ಕೈಯಲ್ಲಿ ಹಿಡಿದು ಕುಡಿದಳು. ತಣ್ಣಗಿನ ನೀರು. ಎದ್ದದ್ದು ಸರಿಯಾಗಿ ಕೆಳಗಿಳಿಯಿತು. ಲೋಟ ಇಳಿಸುವಷ್ಟರಲ್ಲಿ ಅಧಿಕಾರಿಯ ಕಣ್ಣು ಹೀರಣ್ಣನ ಮೇಲೆ ಹೋಗಿತ್ತು, ಮತ್ತು ಅವಳು, ಲೋಟದ ಅಂಚಿನಲ್ಲಿ ತನ್ನ ತುಟಿಯ ಗುರುತನ್ನು ನೋಡುತ್ತ, ಅವನು ವಾದಿಸಲಿ ಎಂದು ಪ್ರಾರ್ಥಿಸಿದಳು. ನಾನು ಅಂದೇ ಹೇಳಿದ್ದೆ ಅನ್ನಲಿ. ಅಮ್ಮೋರೇ ನನ್ನ ಬಾಯಿ ಮುಚ್ಚಿಸಿದ್ದು ಅನ್ನಲಿ. ಅವನು ಅಂದರೆ ಪುಸ್ತಕ ತೆಗೆಯುತ್ತೇನೆ.

ಹೀರಣ್ಣ ಅಂಗಿಯ ಮೇಲಿನ ಗುಂಡಿಯನ್ನು ಮುಟ್ಟಿಕೊಂಡ. “ನಂದೇ ಇರ್ಬೇಕು ಸ್ವಾಮಿ. ನಾನು ಬಯಲಿಗೆ ಹೋಗದೆ ಬರೆದಿಲ್ಲ, ಅದೊಂದು ಹೇಳ್ತೀನಿ. ಆದ್ರೆ ಚೀಟಿ ಹಾಕೋವಾಗ ಕಣ್ಣು ತಪ್ಪಿರುತ್ತೆ. ವಯಸ್ಸಾಯ್ತಲ್ಲ. ಕಣ್ಣಿಗೆ ಕಾಣೋದೆಲ್ಲ ನಿಜ ಅಲ್ಲ ಅಂತ ಅಮ್ಮೋರು ಆಗ್ಲೇ ಹೇಳಿದ್ರು. ನಾನು ಆವತ್ತೇ ಅರ್ಥ ಮಾಡ್ಕೋಬೇಕಿತ್ತು.”

ಅದರಲ್ಲಿ ಕುಹಕವಿದೆಯೇ ಎಂದು ಅವಳು ಅವನ ಮುಖವನ್ನು ಹುಡುಕಿದಳು. ಕುಹಕದ ಒಂದು ಎಳೆ ಸಿಕ್ಕಿದ್ದರೆ ಬದುಕಿಕೊಳ್ಳುತ್ತಿದ್ದಳು. ಅವನು ಅವಳತ್ತ ಕೃತಜ್ಞತೆಯಿಂದಲೋ ಏನೋ ಒಮ್ಮೆ ನೋಡಿ, ಪಾಠ ಒಪ್ಪಿಸಿದ ಮಗುವಿನಂತೆ ಕಣ್ಣು ತಗ್ಗಿಸಿದ. ದೊಡ್ಡವರು, ಪ್ರಾಮಾಣಿಕವಾಗಿ ಒಪ್ಪಿಕೊಂಡದ್ದು ದೊಡ್ಡ ಗುಣ ಎಂದರು. ಇನ್ನುಮುಂದೆ ಹೊರಗಿನ ಕೆಲಸ ಬೇಡ, ನಿವೃತ್ತಿಯವರೆಗೆ ಉಗ್ರಾಣದಲ್ಲಿ ಕೂರಲಿ ಎಂದಾಯಿತು. ಕಾಗದಕ್ಕೆ ಮೂವರ ಸಹಿ ಬೇಕಿತ್ತು. ಅವಳ ಸಹಿ ಯಾವಾಗಿನಂತೆಯೇ ಬಂತು, ಗುಂಡಗೆ, ಕೆಳಗೆ ಒಂದು ಚುಕ್ಕೆ.

ಪ್ರಯೋಗಾಲಯದ ಬಾಗಿಲಲ್ಲಿ ಅವನು ಅವಳಿಗಾಗಿ ಕಾಯುತ್ತಿದ್ದ. ಒಂದೊಂದು ಕೈಯಲ್ಲಿ ಒಂದೊಂದು ಸೀಸೆ. ನಾಳೆ ಎರಡೂ ಬಯಲಿನಲ್ಲಿ ಉಳುತ್ತಾರಂತೆ, ಅದಕ್ಕೇ ಬೆಳಗಿನ ಜಾವ ಹೋಗಿ ಹಿಡಿದು ತಂದೆ, ಕೊನೆಯ ಸಲ ಎಂದ. ಬಗ್ಗಿ ನಡೆದೂ ನಡೆದೂ ಬಾಗಿದ ಬೆನ್ನು. ಸೀಸೆ ಈಸಿಕೊಂಡು ಬೆಳಕಿಗೆ ಹಿಡಿದಳು. ಸ್ಪಿರಿಟ್ಟಿನ ತಳದಲ್ಲಿ ಎಳ್ಳು ಚೆಲ್ಲಿದಂತೆ ನೊಣಗಳು, ಒಂದರ ರೆಕ್ಕೆಯೂ ಮುರಿದಿರಲಿಲ್ಲ. ಹಾಗೆ ಹಿಡಿಯಲು ಇಡೀ ಕೇಂದ್ರದಲ್ಲಿ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಚೀಟಿ ಇರಲಿಲ್ಲ. ಎರಡರಲ್ಲೂ ಇರಲಿಲ್ಲ.

“ನಾನು ಹಾಕ್ಲಿಲ್ಲ ಅಮ್ಮ. ನಾನು ಹಾಕಿದ್ರೆ ಮತ್ತೆ ತಪ್ಪಾಗುತ್ತೆ. ನೀವೇ ನೋಡಿ ಹಾಕ್ಬಿಡಿ.”

ಎಲ್ಲಿಂದ ತಂದದ್ದು ಎಂದು ನನಗೆ ಹೇಗೆ ಗೊತ್ತಾಗಬೇಕು ಎಂದಳು. ದನಿ ತಾನಂದುಕೊಂಡದ್ದಕ್ಕಿಂತ ಜೋರಾಗಿತ್ತು.

“ಅದು ಹೇಳುತ್ತಲ್ಲ, ನಿಮ್ಮದು. ಒಳಗಿನ ಬರಹ.”

ಅದು ಬಗೆ ಹೇಳುತ್ತದೆ, ಊರು ಹೇಳುವುದಿಲ್ಲ. ಊರು ಹೇಳುವುದು ಚೀಟಿ ಮಾತ್ರ; ಅವನ ಪೆನ್ಸಿಲ್ಲು, ಅವನ ಕಣ್ಣು. ಅವನ ಕಣ್ಣಿಲ್ಲದೆ ಆ ಯಂತ್ರ, ಆ ಜೆಲ್ಲು, ಹನ್ನೊಂದು ವರ್ಷದ ಪುಸ್ತಕಗಳು ಎಲ್ಲವೂ ಗಾಳಿಗೆ ಬರೆದ ಬರಹ. ಇದನ್ನು ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅವನಿಗೆ ಹೇಳಿರಲಿಲ್ಲ. ಯಾವುದು ಕೆಳಬಯಲಿನದು ಹೀರಣ್ಣ, ಹೇಳಿ, ನೀವೇ ಹಿಡಿದಿದ್ದಲ್ಲವೇ ಎಂದು ಕೇಳಿದಳು, ಬೇಡುವ ಹಾಗೆ. ಅವನು ಎರಡನ್ನೂ ನೋಡಿದ. ಮೊದಲೆಲ್ಲ ಪಾದಕ್ಕೆ ಹತ್ತಿದ ಕೆಸರಿನ ವಾಸನೆಯಿಂದ ಯಾರ ಗದ್ದೆ ಎಂದು ಹೇಳುತ್ತಿದ್ದವನು.

“ಎಡಗೈಯದು ಕೆಳಬಯಲಿನದು ಅಂತ ಇಟ್ಕೊಂಡೇ ಹೊರಟೆ. ದಾರೀಲಿ ಅನುಮಾನ ಬಂತು. ನಿಂತು ಕೈ ಬದಲಾಯಿಸ್ದೆ. ಸ್ವಲ್ಪ ದೂರ ಬಂದ ಮೇಲೆ ಮತ್ತೆ ಬದಲಾಯಿಸ್ದೆ. ಈಗ ಗೊತ್ತಿಲ್ಲ.” ನಗಲು ನೋಡಿದ. “ನಾನು ಹೇಳೋದು ನಂಬ್ಬೇಡಿ ಅಮ್ಮ.”

ಆಗ ಬಂತು ಮಾತು. ತಿದ್ದಿದ ವಾಕ್ಯಗಳಲ್ಲಿ ಒಂದೂ ಬರಲಿಲ್ಲ. ತಪ್ಪು ನಿಮ್ಮದಲ್ಲ ಹೀರಣ್ಣ, ನಂದು, ನಾನು ಪ್ಲೇಟು ತಿರುಗಿಸಿ ಇಟ್ಟೆ, ನೀವು ಹೇಳಿದ್ದೇ ಸರಿ ಇತ್ತು ಎಂದು ಒಂದೇ ಉಸಿರಿಗೆ ಹೇಳಿದಳು. ಚೀಲದಿಂದ ಪ್ಲೇಟುಗಳನ್ನು ತೆಗೆದು ಒಂದರ ಮೇಲೊಂದಿಟ್ಟು ಕತ್ತರಿಸಿದ ಮೂಲೆಗಳನ್ನು ತೋರಿಸಿದಳು. ಒಂದು ಜಾರಿ ಕೆಳಗೆ ಬಿತ್ತು. ಅವನು ಬಗ್ಗಿ ಎತ್ತಿ, ಅಂಗಿಗೆ ಒರೆಸಿ, ಅವಳ ಕೈಗೆ ಕೊಟ್ಟ. ಮೂಲೆಯನ್ನು ನೋಡಲಿಲ್ಲ. ಅವಳನ್ನು ನೋಡಿದ, ಜ್ವರ ಬಂದ ಮಗಳನ್ನು ನೋಡುವ ಹಾಗೆ.

“ದೊಡ್ಡ ಮನಸ್ಸಮ್ಮ ನಿಮ್ದು,” ಎಂದ. “ಅಲ್ಲಿ ನೀವು ಕೆಮ್ಮಿದಾಗ್ಲೇ ಗೊತ್ತಾಯ್ತು, ನನ್ನ ಉಳಿಸೋಕೆ ಏನೋ ಹೇಳೋಕೆ ಹೊರಟಿದ್ರಿ ಅಂತ. ಅದಕ್ಕೇ ನಾನೇ ಮೊದ್ಲು ಹೇಳ್ಬಿಟ್ಟೆ. ನನಗೋಸ್ಕರ ಸುಳ್ಳು ಹೇಳ್ಬೇಡಿ. ನಿಮ್ಮ ಕೆಲಸ ದೊಡ್ಡದು.”

ಇಲ್ಲ ಹೀರಣ್ಣ, ನಿಜ, ಎಂದಳು. ಇರಲಿ ಬಿಡಿ, ಇರಲಿ ಬಿಡಿ, ಎಂದು ಅವನು ಕೈಯಾಡಿಸಿದ. ಅಳುವ ಮಗುವನ್ನು ಸಮಾಧಾನಪಡಿಸುವಾಗ ಏನು ಹೇಳುತ್ತಿದೆ ಎಂದು ಕೇಳಿಸಿಕೊಳ್ಳದೆ ಕೈಯಾಡಿಸುತ್ತಾರಲ್ಲ, ಹಾಗೆ. ಅಂಗಳದಾಚೆ ದೊಡ್ಡವರ ಕೋಣೆಯ ಬಾಗಿಲು ತೆರೆದೇ ಇತ್ತು. ಅಧಿಕಾರಿಯ ಕಾರು ಇನ್ನೂ ಮರದ ನೆರಳಿನಲ್ಲಿತ್ತು, ಡ್ರೈವರು ಗಾಜು ಒರೆಸುತ್ತಿದ್ದ. ನಲವತ್ತು ಹೆಜ್ಜೆ ಇರಬಹುದು. ಅವಳು ಹೆಜ್ಜೆ ಎಣಿಸಿದಳು, ಕಣ್ಣಲ್ಲೇ, ಹೋಗಿ ಮತ್ತೆ ಬಂದಳು, ಕಣ್ಣಲ್ಲೇ. ಹೇಳಿಯಾಯಿತಲ್ಲ ಎಂದು ಅವಳೊಳಗೆ ಯಾರೋ ಅಂದರು. ಹೇಳಬೇಕಾದವನಿಗೇ ಹೇಳಿಯಾಯಿತು. ಹೊಟ್ಟೆಯೊಳಗೆ ಬೆಳಗಿನಂತೆಯೇ ಏನೋ ಸಡಿಲವಾಯಿತು. ಈ ಸಲ ಮತ್ತೆ ಬಿಗಿಯಾಗಲಿಲ್ಲ, ಅದು ಅವಳನ್ನು ಹೆದರಿಸಿತು.

“ಎಷ್ಟು ಹೊತ್ತಾಗುತ್ತೆ ಅಮ್ಮ, ಅದು ಹೇಳೋಕೆ?” ಎಂದು ಹೀರಣ್ಣ ಕೇಳಿದ.

ಸಂಜೆಯಾಗಬಹುದು ಎಂದಳು. ಕಾಯ್ತೀನಿ, ಉಗ್ರಾಣಕ್ಕೆ ನಾಳೆಯಿಂದ ತಾನೇ ಎಂದು ಅವನು ಹೊರಗಿನ ಬೆಂಚಿನ ಮೇಲೆ, ಈ ಸಲ ಅಂಚಿನಲ್ಲಲ್ಲ, ಬೆನ್ನು ಒರಗಿಸಿ ಕೂತ.

ಅವಳು ಒಳಗೆ ಹೋಗಿ ಪುಸ್ತಕವನ್ನು ಕಪಾಟಿನಲ್ಲಿ ಅದರ ಜಾಗದಲ್ಲಿ, ಆಚೀಚಿನ ವರ್ಷಗಳ ನಡುವೆ ಇಟ್ಟಳು. ಯಾರು ಬೇಕಾದರೂ ತೆಗೆದು ಓದಬಹುದು; ಯಾರೂ ಓದುವುದಿಲ್ಲ. ಕೈಗವಸು ಹಾಕಿಕೊಂಡಳು. ಹೊಸ ಪ್ಲೇಟನ್ನು ತೆಗೆದು, ಬೆರಳು ಮೂಲೆಗೆ ಹೋದದ್ದನ್ನು ಹಿಂದಕ್ಕೆಳೆದು, ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಿ, ಸರಿಯಾಗಿ ಇಟ್ಟಳು. ಒಂದು ಸೀಸೆಯ ನೊಣ ಮೇಲಿನ ಸಾಲುಗಳಿಗೆ, ಇನ್ನೊಂದರದು ಕೆಳಗಿನವಕ್ಕೆ. ಮಧ್ಯಾಹ್ನ ಪೂರ್ತಿ ನೊಣ ಅರೆದಳು, ಯಂತ್ರದಲ್ಲಿ ಗಿರಗಿರ ತಿರುಗಿಸಿದಳು, ಕುಳಿಗಳಿಗೆ ತುಂಬಿದಳು. ಈ ಹಂಗಾಮಿನ ಪುಸ್ತಕದ ಹೊಸ ಪುಟದಲ್ಲಿ ಊರಿನ ಹೆಸರು ಬರೆಯಬೇಕಾದ ಎರಡು ಕಡೆ ಪೆನ್ನು ಊರಿ, ಬರೆಯದೆ ಮುಂದಕ್ಕೆ ಹೋದಳು. ಹೊರಗೆ ಬೆಂಚು ಆಗಾಗ ಕಿರುಗುಟ್ಟುತ್ತಿತ್ತು. ಕೊನೆಯ ಕುಳಿಗೆ ನೀರು ಹಾಕಿದಳು. ಇಡೀ ಪ್ಲೇಟಿನಲ್ಲಿ ಎಲ್ಲಿಂದ ಬಂದದ್ದೆಂದು ಅವಳಿಗೆ ಖಚಿತವಾಗಿ ಗೊತ್ತಿದ್ದದ್ದು ಅದೊಂದೇ.